ಗುಡ್ಡದ ದೊಣೆಯಲ್ಲಿ ಸತ್ತ ಕಪ್ಪೆಗಳು

ಮಳೆಗಾಲ ಬಂದರೆ ಕುರಿಗೆ ಉಣ್ಣಿ ಕಾಟ ಇದ್ದದ್ದೇ. ಕಾಲುವೆ ಬಂದ ಮೇಲೆ ರಂಗಂಪೇಟೆ ಕಡೆಯ ಹೊಲಗಳೆಲ್ಲ ಭತ್ತದ ಗದ್ದೆಯಾದವು. ಕುರಿಗಾಹಿ ಹುಲಗಪ್ಪನಿಗೆ ಮಂದೆ ಮೇಯಿಸಲು ಉಳಿದದ್ದು ಗುಡ್ಡ ಒಂದೇ. ಗುಡ್ಡದ ನೆತ್ತಿಯ ಬಂಡೆಯಲ್ಲಿ ಮಳೆನೀರು ನಿಲ್ಲುವ ದೊಣೆಯಿದೆ. ಕುರಿಗಳಿಗೆ ಅದೇ ನೀರು. ಉಗುರಿನಷ್ಟು ಸಣ್ಣ ಕಪ್ಪೆಗಳಿಗೆ ಅದೇ ಮನೆ. ಕೆಳಗಿನ ಗದ್ದೆಯಲ್ಲಿ ಆ ಜಾತಿ ಹುಡುಕಿದರೂ ಸಿಗುವುದಿಲ್ಲ.

ಗದ್ದೆಯವರು ಭತ್ತಕ್ಕೆ ಹೊಡೆದು ಉಳಿಸಿದ ಎಣ್ಣೆ, ಅಂದರೆ ಕೀಟನಾಶಕ, ಉಣ್ಣಿಗೂ ಆದೀತು ಎಂದುಕೊಂಡ ನಮ್ಮ ಹುಲಗಪ್ಪ. ತಾನೇ ದೊಡ್ಡ ಡಾಕ್ಟರನಂತೆ ಒಂದು ಟಗರಿನ ಮೈಗೆ ಹಚ್ಚಿದ. ಉಳಿದದ್ದನ್ನು ಬಂಡೆಯ ಮೇಲೆ ಚೆಲ್ಲಿ, ಬಕೀಟನ್ನು ದೊಣೆಯಲ್ಲೇ ತೊಳೆದ.

ಮರುದಿನ ಟಗರು ಜೊಲ್ಲು ಸುರಿಸುತ್ತ ಮಲಗಿತು. ಹೆಂಡತಿ ಭೀಮಮ್ಮ ಗಾಬರಿಯಾಗಿ, ದನಕುರಿಗಳ ಆರೈಕೆಯ ತರಬೇತಿ ಪಡೆದ ಊರಿನ ಪಶು ಸಖಿ ರೇಣಮ್ಮನನ್ನು ಗುಡ್ಡಕ್ಕೆ ಕರೆತಂದಳು. ರೇಣಮ್ಮ ಮೊದಲು ಕಂಡದ್ದು ದೊಣೆಯನ್ನು. ಕಪ್ಪೆಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅಷ್ಟರಲ್ಲಿ ಮಂದೆ ನೀರಿನ ಕಡೆ ನುಗ್ಗಿತು. ಅವಳು ಕೈ ಚಾಚಿ ಅಡ್ಡ ನಿಂತಳು.

"ಕಪ್ಪಿ ಸತ್ರ ನಮಗೇನವ್ವ? ಕುರಿ ನೀರಡಿಸ್ಯಾವ, ದಾರಿ ಬಿಡು," ಎಂದು ಹುಲಗಪ್ಪ ಸಿಡುಕಿದ.

"ಬಿಡಂಗಿಲ್ಲ ಯಣ್ಣಾ. ಕಪ್ಪಿ ತೊಗಲಿಲೆ ನೀರು ಕುಡಿತದ. ವಿಷ ಅದಕ್ಕ ಮೊದಲು ಹತ್ತೇದ. ಇನ್ನ ಕುರಿ ಪಾಳಿ."

ಅವನು ನಂಬಲಿಲ್ಲ. ಮಾತಿಗೆ ಮಾತು ಬೆಳೆಯುವಾಗ ಗಬ್ಬದ ಕುರಿಯೊಂದು ನುಸುಳಿ ಹೋಗಿ ನೀರು ಕುಡಿಯಿತು. ಸ್ವಲ್ಪ ಹೊತ್ತಿಗೆ ಅದರ ಕಾಲುಗಳು ನಡುಗಿದವು, ಬಾಯಲ್ಲಿ ನೊರೆ ಬಂತು. ಹುಲಗಪ್ಪ ಹೆಗಲ ಕಂಬಳಿ ಬೀಸುತ್ತ ತಾನೇ ಓಡಿ ಮಂದೆಯನ್ನು ಹಿಂದಕ್ಕೆ ತಿರುಗಿಸಿದ.

ಪಶು ಆಸ್ಪತ್ರೆಯ ಡಾಕ್ಟರು ಬಂದು ಟಗರನ್ನು ಉಳಿಸಿದರು. ಗಬ್ಬದ ಕುರಿ ಉಳಿಯಲಿಲ್ಲ. ಗಂಡ ಹೆಂಡತಿ ಸೇರಿ ದೊಣೆಯ ಸುತ್ತ ಮುಳ್ಳು ಹಚ್ಚಿದರು. ಉಣ್ಣಿಗೆ ಇನ್ನು ಡಾಕ್ಟರು ಕೊಟ್ಟ ಔಷಧವೇ ಎಂದು ಹುಲಗಪ್ಪ ಒಪ್ಪಿಕೊಂಡ. ಆದರೆ ಸತ್ತ ಕುರಿಯ ಸಂಕಟ ಅವನನ್ನು ಬಿಡಲಿಲ್ಲ. ಆಗ ಭೀಮಮ್ಮ ಕೇಳಿದಳು:

"ಕುರಿ ಕೆಂಭಾವಿ ಸಂತ್ಯಾಗ ಸಿಗತಾವ್ರಿ. ಈ ಕಪ್ಪಿ ಎಲ್ಲಿಂದ ತರತೀರಿ?"

ಆ ಮಳೆಗಾಲ ದೊಣೆಯಲ್ಲಿ ಒಂದು ಕಪ್ಪೆಯೂ ಕೂಗಲಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ಪೈರಿನ ಎಣ್ಣೆಯನ್ನು ಕುರಿಯ ಮೈಗೆ ಹಚ್ಚಬೇಡಿ. ಬಕೀಟು, ಪಂಪುಗಳನ್ನು ದೊಣೆ, ಹಳ್ಳ, ಕಾಲುವೆಯಲ್ಲಿ ತೊಳೆಯಬೇಡಿ. ಕಪ್ಪೆ ತೇಲುವುದು ಕಂಡರೆ ಮಂದೆಯನ್ನು ತಡೆಯಿರಿ, ಆಸ್ಪತ್ರೆಗೆ ತಿಳಿಸಿ. ನಿಮ್ಮ ಗುಡ್ಡದಲ್ಲಿ ಆ ಸಣ್ಣ ಕಪ್ಪೆಗಳು ಇನ್ನೂ ಕೂಗುತ್ತಿದ್ದರೆ, ಹುಲಗಪ್ಪ ಕಳೆದುಕೊಂಡದ್ದು ನಿಮ್ಮಲ್ಲಿ ಇನ್ನೂ ಇದೆ. ಅದನ್ನು ಕಾಪಾಡಿ.