ಯಾರೂ ತೆರೆಯದ ಪ್ರೋಗ್ರಾಂ

ಹುಸೇನಪ್ಪ ಭಟ್ಟಿಯ ಬುಡದಲ್ಲಿ ವಿಷಗಾಳಿ ಕುಡಿದು ಸತ್ತ ದಿನ ಸೈರನ್ ಕೂಗಲಿಲ್ಲ. ಮಣ್ಣು ಮಾಡಿ ಬಂದ ಮರುದಿನವೇ ಅವನ ಜಾಗಕ್ಕೆ ಮಾರೇಶನನ್ನು ಇಳಿಸಿದರು.

ವಡ್ಡು ಊರಿನ ಬಳಿಯ ಆ ಕಬ್ಬಿಣದ ಕಾರ್ಖಾನೆಗೆ ಹೊಸಪೇಟೆಯ ಕಂಪ್ಯೂಟರ್ ಅಂಗಡಿಯಿಂದ ಸುಮಂಗಲಾ ಬಂದದ್ದು ಅದೇ ವಾರ. ಆಫೀಸಿನ ಕಂಪ್ಯೂಟರುಗಳಲ್ಲಿ ಯಾರೂ ಬಳಸದೆ ಬಿದ್ದಿರುವ ಪ್ರೋಗ್ರಾಂಗಳನ್ನು ಹುಡುಕಿ ಕಿತ್ತುಹಾಕುವುದು ಅವಳ ಕೆಲಸ. ವರ್ಷದಿಂದ ತೆರೆಯದ್ದೆಲ್ಲ ಹೋಗಬೇಕು ಎಂದು ಮ್ಯಾನೇಜರ್ ಲಿಂಗರಾಜ್ ಅಪ್ಪಣೆ ಕೊಟ್ಟಿದ್ದರು. ಈಗ ಅವಳ ಕುರ್ಚಿಯ ಬೆನ್ನಿಗೇ ನಿಂತಿದ್ದರು.

ಕೆಟ್ಟುಹೋದ ಪ್ರಿಂಟರಿನ ಸಾಫ್ಟ್‌ವೇರ್ ಹೋಯಿತು. ಹಳೆಯ ಸಂಬಳದ ಪ್ರೋಗ್ರಾಂ ಹೋಯಿತು. ಇಸ್ಪೀಟಾಟ ಕಂಡಾಗ ಗುಮಾಸ್ತ ಅಂಜಿನಯ್ಯ ಸುಮ್ಮನೆ ಕೆಮ್ಮಿದ.

"ಇದು ಉಳೀಬೇಕಲ್ರಿ ಸರ್ರ, ದಿನಾ ತೆರದಾರ," ಎಂದಳು ಸುಮಂಗಲಾ.

ಪಟ್ಟಿಯಲ್ಲಿ ಅದರ ಕೆಳಗಿದ್ದದ್ದು ಗ್ಯಾಸ್ ಅಲಾರಂ ಪ್ರೋಗ್ರಾಂ. ಯಾರೂ ಒಮ್ಮೆಯೂ ತೆರೆದಿರಲಿಲ್ಲ.

"ತೆಗಿಯವಾ ಅದನ್ನ," ಎಂದರು ಲಿಂಗರಾಜ್.

"ಇದನ್ನ ಯಾರೂ ತೆರೆಯಂಗಿಲ್ರಿ. ಕಂಪ್ಯೂಟರ್ ಚಾಲೂ ಆದ್ರ ತಾನಾ ಚಾಲೂ ಆಗಿ, ಭಟ್ಟಿ ಗಾಳಿ ಕಾಯ್ಕೊಂತ ಕುಂತಿರತೈತಿ. ತೆರೆದಿಲ್ಲ ಅಂದ್ರ ಬಳಸಿಲ್ಲ ಅಂತಲ್ರಿ."

"ವರ್ಷ ಆತು, ಒಂದಿನಾನೂ ಕೂಗಿಲ್ಲ. ನಾಳೆ ಹುಸೇನಪ್ಪನ ಸಾವು ವಿಚಾರ್ಸಾಕ ಇನ್‌ಸ್ಪೆಕ್ಟರ್ ಬರ್ತಾರ. ಜಲ್ದಿ ತೆಗಿ."

ಅವಳು ತೆಗೆಯಲಿಲ್ಲ, ತೆರೆದಳು. ಸೈರನ್ನಿನ ದನಿ ಬಂದ್ ಆಗಿತ್ತು. ಬಂದ್ ಮಾಡಿದವರ ಹೆಸರೂ ಪಕ್ಕದಲ್ಲೇ ಇತ್ತು: ಲಿಂಗರಾಜ್. ಮೇಲೆ ಭಟ್ಟಿಯ ಬುಡದ ಗಾಳಿಯ ಅಳತೆ ಕೆಂಪಗೆ ಮಿಣುಕುತ್ತಿತ್ತು. ಹುಸೇನಪ್ಪ ಸತ್ತ ದಿನದ್ದಲ್ಲ, ಈ ಕ್ಷಣದ್ದು.

ಅವಳು ಕುರ್ಚಿ ತಿರುಗಿಸಿದಳು. "ಅದು ಕೂಗಿಲ್ಲ ಅಂತಲ್ರಿ ಸರ್ರ, ನೀವಾ ಬಾಯಿ ಮುಚ್ಚಿಸೀರಿ."

"ಕೂಗಿದಾಗೆಲ್ಲ ಭಟ್ಟಿ ನಿಲ್ಲತೈತಿ. ನಿಂತ್ರ ಮೇಲಿನವ್ರಿಗೆ ಉತ್ರ ಕೊಡಾಕ ನಿಮ್ಮಪ್ಪ ಬರ್ತಾನೇನು?"

"ಕೆಳಗ ಯಾರದಾರ ಈಗ?"

ಅಂಜಿನಯ್ಯ ನೆಲ ನೋಡುತ್ತ ಅಂದ: "ಮಾರೇಶ ಅದಾನವ್ವ. ಮತ್ತಿಬ್ರು."

ಸುಮಂಗಲಾ ಸೈರನ್ನಿನ ದನಿ ಚಾಲೂ ಮಾಡಿದಳು.

ತಗಡಿನ ಮಾಡು ಅದುರುವಂತೆ ಸೈರನ್ ಕೂಗಿತು. ಭಟ್ಟಿಗೆ ಅದಿರು ಒಯ್ಯುವ ಬೆಲ್ಟ್ ಗಕ್ಕನೆ ನಿಂತಿತು. ಕಿಟಕಿಯಾಚೆ ಇಬ್ಬರು ಬಾಯಿಗೆ ಟವೆಲ್ ಒತ್ತಿಕೊಂಡು ಓಡಿಬಂದರು. ಮಾರೇಶ ಬರಲಿಲ್ಲ. ಅವರಲ್ಲೊಬ್ಬ ತಿರುಗಿ ನೋಡಿ, ಮತ್ತೆ ಒಳಗೆ ನುಗ್ಗಿದ.

"ಬಂದ್ ಮಾಡು ಅದನ್ನ!" ಲಿಂಗರಾಜ್ ಅರಚಿದರು. "ಕಿತ್ತು ಒಗಿ! ನಿಮ್ಮ ಅಂಗಡಿಗೆ ಫೋನ್ ಹಚ್ತೀನಿ. ಈ ಸಂಡೂರು ಸೀಮ್ಯಾಗ ನಿನಗ ಯಾರೂ ಕೆಲಸ ಕೊಡದಂಗ ಮಾಡ್ತೀನಿ!"

ಅವಳಿಗೆ ಕಂಪ್ಲಿಯ ತನ್ನ ಮನೆ ಕಣ್ಮುಂದೆ ಬಂತು. ಅಲ್ಲಿ ದುಡಿಯುವವಳು ಅವಳೊಬ್ಬಳೇ. ಭಟ್ಟಿಯ ಬಾಗಿಲಲ್ಲಿ ಇಬ್ಬರು ಕಂಡರು. ಒಬ್ಬ ಇನ್ನೊಬ್ಬನನ್ನು ಕಂಕುಳಿಗೆ ಕೈಕೊಟ್ಟು ಎಳೆಯುತ್ತಿದ್ದ. ಎಳೆಸಿಕೊಳ್ಳುತ್ತಿದ್ದ ಮಾರೇಶ ಕೆಮ್ಮುತ್ತಿದ್ದ.

ಲಿಂಗರಾಜ್ ಮೌಸಿಗೆ ಕೈ ಚಾಚಿದರು. ಸುಮಂಗಲಾ ಅದನ್ನು ಅಂಗೈಯಲ್ಲಿ ಬಿಗಿಹಿಡಿದು ಎದ್ದು ನಿಂತಳು.

"ಫೋನ್ ಹಚ್ರಿ. ನಾ ಇದನ್ನ ತೆಗಿಯಂಗಿಲ್ಲ."