ಬಲಗೈ ಹೆಬ್ಬೆರಳು

ಟಿಕ್.

ಸರಿರಾತ್ರಿಯಲ್ಲಿ ನನ್ನನ್ನು ಎಬ್ಬಿಸಿದ ಸದ್ದು ಇಷ್ಟೇ. ನಾಲ್ಕು ವರ್ಷದಿಂದ ನನ್ನ ಅಂಗೈಯೊಳಗೇ ಹುಟ್ಟುತ್ತಿದ್ದ ಸದ್ದಾದ್ದರಿಂದ ಗುರುತು ಹಿಡಿಯಲು ಕಷ್ಟವಾಗಲಿಲ್ಲ. ಉಸಿರು ಬಿಗಿಹಿಡಿದು ಕಾದೆ. ಮತ್ತೆ ಕೇಳಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ, ಮಲಗುವ ಮುಂಚೆ ಸೊನ್ನೆಗೆ ತಿರುಗಿಸಿ ಊಟದ ಮೇಜಿನ ಮೇಲಿಟ್ಟಿದ್ದ ಕೌಂಟರ್ ಹದಿನೇಳು ತೋರಿಸುತ್ತಿತ್ತು.

ಕೌಂಟರ್ ಎಂದರೆ ಮುಷ್ಟಿಯಲ್ಲಿ ಅಡಗುವ ಉಕ್ಕಿನ ಡಬ್ಬಿ. ಮೇಲಿನ ಗುಂಡಿ ಒತ್ತಿದರೆ ಅಂಕಿ ಒಂದು ಮುಂದಕ್ಕೆ ಹೋಗುತ್ತದೆ. ಟಿವಿಯಲ್ಲೂ ಪತ್ರಿಕೆಗಳಲ್ಲೂ ಬರುವ ಹೊಲಸು ಮಾತುಗಳನ್ನು ಎಣಿಸಿ ಮೂರು ತಿಂಗಳಿಗೊಮ್ಮೆ ವರದಿ ಕೊಡುವುದು ನಮ್ಮ ಕಚೇರಿಯ ಕೆಲಸ. ಪತ್ರಿಕೆಯಲ್ಲಿ ನಡುವಿನ ಅಕ್ಷರ ನುಂಗಿ ಚುಕ್ಕಿ ಹಾಕಿದ್ದರೆ ಅರ್ಧ ಅಂಕ. ಟಿವಿಗೆ ಅರ್ಧವಿಲ್ಲ, ಕೇಳಿಸಿದರೆ ಒಂದು. ಒಂದೇ ಚರ್ಚೆಯ ಧ್ವನಿಮುದ್ರಣವನ್ನು ಇಬ್ಬರು ಬೇರೆ ಬೇರೆ ಕೋಣೆಯಲ್ಲಿ ಕೂತು ಕೇಳುತ್ತೇವೆ. ಇಬ್ಬರ ಲೆಕ್ಕದಲ್ಲಿ ಐದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೆಯವರು ಕೇಳಿ ಇತ್ಯರ್ಥ ಮಾಡುತ್ತಾರೆ. ಅವರ ಚೀಟಿಯಲ್ಲಿ ಮೊತ್ತವಷ್ಟೇ ಇರುತ್ತದೆ. ಯಾವ ಪದ ತಪ್ಪಿತೆಂದು ಇರುವುದಿಲ್ಲ.

ಒಂದು ತಿಂಗಳಿಂದ ತಪ್ಪುತ್ತಿದ್ದುದು ನನ್ನ ಲೆಕ್ಕವೇ. ನನ್ನ ಜೊತೆಗಾರರು ಹಿಂದೆ ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದವರು, ಎಲ್ಲರ ಬಾಯಲ್ಲೂ ಕರಡಣ್ಣ. ಸೋಮವಾರ ಅವರಿಗೆ ಅರವತ್ತಮೂರು ಸಿಕ್ಕಿತ್ತು, ನನಗೆ ನಲವತ್ತಾರು.

"ಏನಮ್ಮಾ, ಕಿವಿಗೆ ಹತ್ತಿ ಇಟ್ಕೊಂಡು ಬರ್ತೀಯಾ?" ಎಂದು ನಕ್ಕಿದ್ದರು. ಆಮೇಲೆ ದನಿ ತಗ್ಗಿಸಿ, "ಶುಕ್ರವಾರ ಪರೀಕ್ಷೆ ಇದೆ, ನೆನಪಿರಲಿ" ಎಂದರು.

ಕೇಳಿ ಕೇಳಿ ಕಿವಿ ಜಡ್ಡುಗಟ್ಟುವುದು ನಮ್ಮಲ್ಲಿ ಹೊಸದಲ್ಲ. ಅದಕ್ಕೇ ಆರು ತಿಂಗಳಿಗೊಮ್ಮೆ ಎಲ್ಲರಿಗೂ ಅಳತೆಯ ಧ್ವನಿಮುದ್ರಣ ಹಾಕಿ ನೋಡುತ್ತಾರೆ. ಅದರಲ್ಲಿ ತಪ್ಪಿದವರು ಕೇಳುವ ಕೋಣೆಯಿಂದ ಹೊರಗೆ. ಹೊರಗೆ ಹೋದವರಿಗೆ ಬೇರೆ ಕುರ್ಚಿ ಕೊಟ್ಟದ್ದನ್ನು ನಾನು ಕಂಡಿಲ್ಲ. ಮನೆಯಲ್ಲಿ ಅಭ್ಯಾಸ ಮಾಡಿಕೊಳ್ಳೋಣವೆಂದೇ ಕೌಂಟರನ್ನು ಚೀಲಕ್ಕೆ ಹಾಕಿಕೊಂಡು ಬಂದಿದ್ದೆ.

ಅರವತ್ತಮೂರರಲ್ಲಿ ನಲವತ್ತಾರು ಕಳೆದರೆ ಹದಿನೇಳು. ಹಲ್ಲುಜ್ಜುತ್ತಾ ಲೆಕ್ಕ ಹಾಕಿದವಳಿಗೆ ಬಾಯಿ ಮುಕ್ಕಳಿಸುವುದೇ ಮರೆತುಹೋಯಿತು.

ಮನೆಯಲ್ಲಿರುವುದು ಮೂರೇ ಜನ. ನನ್ನವರು ಪತ್ರಿಕೆಯ ಮುದ್ರಣಾಲಯದಲ್ಲಿ ರಾತ್ರಿ ಪಾಳಿ. ಬರುವುದು ಬೆಳಗಿನ ಐದಕ್ಕೆ. ಉಳಿದವರು ಅತ್ತೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದವರು, ಮಾವ ತೀರಿಕೊಂಡ ಮೇಲೆ ಊಟದ ಮೇಜಿರುವ ನಡುಮನೆಯಲ್ಲೇ ಮಲಗುತ್ತಾರೆ. ಅತ್ತೆ ಅರ್ಧರಾತ್ರಿಯಲ್ಲಿ ಗುಂಡಿ ಒತ್ತಿ ಏನು ಎಣಿಸುತ್ತಾರೆ? ಟಿವಿ ಹಾಕಿರಲಿಲ್ಲ. ಕೇಳಿಬಿಡಬಹುದಿತ್ತು. ಆದರೆ ಪರೀಕ್ಷೆಯ ಭಯ ಅತ್ತೆಯ ಕಿವಿಗೆ ಬೀಳುವುದು ನನಗೆ ಬೇಡವಾಗಿತ್ತು.

ಮಂಗಳವಾರ ಕರಡಣ್ಣನಿಗೂ ನನಗೂ ಒಂಬತ್ತರ ವ್ಯತ್ಯಾಸ. ಬುಧವಾರ ಬೆಳಿಗ್ಗೆ ಕೌಂಟರಿನಲ್ಲಿ ಎಂಟು. ಒಂದು ಕಡಿಮೆಯಾದದ್ದೇ ನನ್ನನ್ನು ಇನ್ನಷ್ಟು ಕೆಣಕಿತು. ಕಾಕತಾಳೀಯವೆಂದು ತಳ್ಳಿಹಾಕಲು ಎಂಟು ತೀರಾ ಹತ್ತಿರದ ಸಂಖ್ಯೆ.

ಆ ರಾತ್ರಿ ಕಚೇರಿಯ ಪುಟ್ಟ ರೆಕಾರ್ಡರನ್ನು ಚಾಲೂ ಮಾಡಿ ಮಲಗುವ ಕೋಣೆಯ ಬಾಗಿಲ ಪಕ್ಕದ ಕಪಾಟಿನಲ್ಲಿಟ್ಟು ಮಲಗಿದೆ.

ಗುರುವಾರ ಇನ್ನೂ ಬೆಳಕು ಹರಿದಿರಲಿಲ್ಲ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ಹೆಡ್‌ಫೋನ್ ಏರಿಸಿ ಕೇಳಿದೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಹೆಂಗಸೊಬ್ಬಳ ದನಿ, ವಾರ್ತೆ ಓದುವವರಷ್ಟು ಸ್ಪಷ್ಟವಾಗಿ, ಒಂದು ಪದ ಹೇಳಿತು. ಗಂಡ ಸತ್ತವಳನ್ನು ಹೀಯಾಳಿಸುವ ಪದ. ಚರ್ಚೆಗಳಲ್ಲಿ ಈ ಒಂದು ತಿಂಗಳಿಂದ ಗಂಡಸರು ಒಬ್ಬರನ್ನೊಬ್ಬರು ಮಾತುಮಾತಿಗೆ ಅದರಿಂದಲೇ ಬೈಯುತ್ತಾರೆ. ಹಿಂದೆಯೇ ಕುರ್ಚಿ ಕಿರುಗುಟ್ಟಿತು. ಟಿಕ್. ಮತ್ತೆ ಅದೇ ಪದ. ಟಿಕ್.

ಆ ದನಿ ನನ್ನದು ಎಂದು ತಿಳಿಯಲು ಮೂರನೆಯ ಟಿಕ್ ಆಗಬೇಕಾಯಿತು.

ಬಚ್ಚಲಿನ ಬಾಗಿಲು ತೆರೆದರೆ ಎದುರಿಗೇ ಅತ್ತೆ, ಕೈಯಲ್ಲಿ ಕೌಂಟರ್. "ಹನ್ನೊಂದು" ಎಂದರು. "ನಿಮ್ಮ ಕರಡಣ್ಣಂದು ಎಷ್ಟು ಹೆಚ್ಚಿತ್ತು ನಿನ್ನೆ?"

"ಹನ್ನೊಂದೇ" ಎಂದೆ. "ನಿಮಗೆ ಹೇಗೆ ಗೊತ್ತು?"

"ದಿನಾ ಸಂಜೆ ಅಡುಗೆ ಕಟ್ಟೆ ಮುಂದೆ ನಿಂತು ಲೆಕ್ಕ ಒಪ್ಪಿಸ್ಕೊತೀಯಲ್ಲ, ಗೋಡೆಗೆ. ನಂಗೂ ಕಿವಿ ಇದೆ." ಕುರ್ಚಿ ಎಳೆದು ಕೂತರು. "ಮೊದಲನೇ ರಾತ್ರಿ ಹೆದರ್ಕೊಂಡೆ ಕಣೇ. ಮಗಳ ಹಾಗಿರೋಳು ನಿದ್ದೇಲಿ ನನ್ನನ್ನೇ ಬೈತಾ ಇದಾಳೇನೋ ಅಂತ. ನಾಲ್ಕು ರಾತ್ರಿ ಆದ್ಮೇಲೆ ತಮಾಷೆ ಅನ್ನಿಸ್ತು. ಎಕ್ಸ್‌ಚೇಂಜಲ್ಲಿ ಒಂದೊಂದು ಕರೆಗೂ ಒಂದು ಗುಂಡಿ ಒತ್ತಬೇಕಿತ್ತು. ಇದು ಕೈಗೆ ಸಿಕ್ತು ನೋಡು, ಹಳೇ ಚಟ."

"ಮೊನ್ನೆ ರಾತ್ರಿ ಒಂದು ಕಡಿಮೆ ಬಂದಿತ್ತು."

"ನೀರು ಕುಡಿಯೋಕೆ ಎದ್ದಿದ್ದೆ. ಅಷ್ಟರಲ್ಲಿ ಬೈದಿರ್ತೀಯ."

ನನಗೆ ನಗು ಬಂದು, ಅದರ ಹಿಂದೆಯೇ ಅಳುವೂ ಬಂತು. "ಒತ್ತದೆ ಬಿಟ್ಟದ್ದನ್ನೆಲ್ಲ ನಿದ್ದೇಲಿ ಹೇಳ್ತೀನಿ ಅಂದ್ರೆ, ಕಿವಿಗೆ ಕೇಳಿಸಿದೆ ಅಂತಾಯ್ತಲ್ಲ ಅತ್ತೆ. ಮತ್ತೆ ಗುಂಡಿ ಯಾಕೆ ಒತ್ತಿಲ್ಲ ನಾನು?"

"ಎಲ್ಲಿ, ಹೇಗೆ ಹಿಡೀತೀಯ ತೋರ್ಸು."

ಎದುರಿಗೆ ಕೂತು, ಕೌಂಟರನ್ನು ಬಲಗೈಯಲ್ಲಿ ಹಿಡಿದು, ಗುಂಡಿಯ ಮೇಲೆ ಹೆಬ್ಬೆರಳಿಟ್ಟು ತೋರಿಸಿದೆ. ಅತ್ತೆ ಟಿವಿಯ ರಿಮೋಟ್ ತಂದು ನನ್ನ ಮಡಿಲಿಗೆ ಹಾಕಿದರು.

"ಇದನ್ನ ಹೇಗೆ ಹಿಡೀತೀಯ?"

ಹಾಗೆಯೇ ಹಿಡಿಯುತ್ತಿದ್ದೆ. ಎರಡು ವರ್ಷದ ಹಿಂದೆ ಮಾವ ತೀರಿಕೊಂಡಾಗಿನಿಂದ, ಸಂಜೆ ಟಿವಿ ನೋಡುವಾಗ ಆ ಪದದ ಸುಳಿವು ಸಿಕ್ಕರೆ ಸಾಕು, ನನ್ನ ಹೆಬ್ಬೆರಳು ಸದ್ದು ಅಡಗಿಸುವ ಗುಂಡಿಯ ಮೇಲೆ ಇರುತ್ತಿತ್ತು. ಅತ್ತೆಯ ಕಿವಿಗೆ ಬೀಳಬಾರದೆಂದು. ಪದ ಮುಗಿಯುವವರೆಗೆ ಒತ್ತಿ ಹಿಡಿದು, ಅತ್ತೆಯ ಮುಖ ನೋಡದೆ, ಆಮೇಲೆ ಮತ್ತೆ ಸದ್ದು ಕೊಡುತ್ತಿದ್ದೆ. ಎರಡು ವರ್ಷ ಪಾಠ ಮಾಡಿಸಿಕೊಂಡ ಬೆರಳು ಕಚೇರಿಯಲ್ಲೂ ಅದನ್ನೇ ಮಾಡಿದೆ. ಹಿಂದಿನ ಬೈಗುಳಕ್ಕೆ ಒತ್ತಿದ ಗುಂಡಿಯನ್ನು ಆ ಪದ ಮುಗಿಯುವವರೆಗೆ ಬಿಡದೆ ಹಿಡಿದಿರುತ್ತದೆ, ಬಿಟ್ಟು ಒತ್ತದೆ ಅಂಕಿ ಸರಿಯುವುದಿಲ್ಲ. ಆ ಪದ ಬಂದರೆ ಅದು ಎಣಿಸುವುದಿಲ್ಲ, ಮುಚ್ಚಿಡುತ್ತದೆ.

"ನಿಮಗೆ ಗೊತ್ತಾಗ್ತಿತ್ತಾ?"

"ಬೇರೆ ಬೈಗುಳಕ್ಕೆಲ್ಲ ಸದ್ದು ಇದ್ದು, ಒಂದಕ್ಕೇ ಇಲ್ಲ ಅಂದ್ರೆ ಯಾವುದು ಅಂತ ಗೊತ್ತಾಗಲ್ವಾ? ನೀನು ಅಡಗಿಸಿದಾಗ್ಲೇ ಜೋರಾಗಿ ಕೇಳಿಸೋದು." ಅತ್ತೆ ಕೌಂಟರನ್ನು ನನ್ನ ಎಡಗೈಗೆ ವರ್ಗಾಯಿಸಿದರು. "ಈ ಕೈಗೆ ನನ್ನ ಪರಿಚಯ ಇಲ್ಲ. ಇದರಲ್ಲಿ ಒತ್ತು."

ಹೊರಗೆ ಸೈಕಲ್ ನಿಂತ ಸದ್ದಾಯಿತು. ನನ್ನವರು ಶಾಯಿ ವಾಸನೆಯ ಪತ್ರಿಕೆ ಹಿಡಿದು ಒಳಬಂದರು. "ಮೂರನೇ ಪುಟದಲ್ಲಿ ಎರಡು ಚುಕ್ಕಿ ಪದ ಇದೆ, ನಿಮ್ಮ ಕಚೇರಿಯ ಪತ್ರಿಕೆ ವಿಭಾಗಕ್ಕೆ ಒಂದು ಅಂಕ ನನ್ನ ಲೆಕ್ಕದಲ್ಲಿ" ಎಂದರು. ಆಮೇಲೆ ನಮ್ಮಿಬ್ಬರನ್ನೂ ನೋಡಿ, "ಅಮ್ಮಾ, ಕಣ್ಣೆಲ್ಲ ಕೆಂಪಾಗಿದೆ, ನಿದ್ದೆ ಮಾಡ್ಲಿಲ್ವಾ?"

"ಸೊಳ್ಳೆ ಕಣೋ" ಎಂದರು ಅತ್ತೆ, ರೆಪ್ಪೆ ಅಲುಗಿಸದೆ.

ಶುಕ್ರವಾರ ಅಳತೆಯ ಧ್ವನಿಮುದ್ರಣ ಐವತ್ತು ನಿಮಿಷದ್ದಿತ್ತು. ಎಡಗೈಯಲ್ಲಿ ಕೌಂಟರ್ ಹಿಡಿದು, ಬಲಗೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತೆ. ಆ ಪದ ಮೊದಲ ಸಲ ಬಂದಾಗ ತೊಡೆಯ ಕೆಳಗೆ ಹೆಬ್ಬೆರಳು ಮಿಸುಕಿತು. ಎಡಗೈ ಮಾತ್ರ ತನ್ನ ಪಾಡಿಗೆ ಒತ್ತಿತು. ಇರಬೇಕಾದ್ದು ನೂರ ಹನ್ನೆರಡು. ನನಗೆ ಸಿಕ್ಕಿದ್ದು ನೂರ ಹತ್ತು.

ಪರೀಕ್ಷೆ ನಡೆಸುವ ಮೇಡಂ ಹಾಳೆಯನ್ನು ಎರಡು ಸಲ ನೋಡಿದರು. "ಒಂದು ತಿಂಗಳು ಅಷ್ಟು ತಪ್ಪಿ, ಈಗ ಹೇಗೆ ಸರಿಹೋಯ್ತು?"

"ಕೈ ಬದಲಾಯಿಸಿದೆ ಮೇಡಂ. ಬಲ ಹೆಬ್ಬೆರಳಿಗೆ ರಿಮೋಟಿನ ಅಭ್ಯಾಸ ಅಂಟಿಕೊಂಡಿತ್ತು."

"ಕೈ ಅಷ್ಟೇನಾ?" ಎಂದು ಬರೆದುಕೊಂಡರು. "ಇದನ್ನ ಕಂಡುಹಿಡಿದಿದ್ದು ಯಾರು?"

ಮೂವತ್ತು ವರ್ಷ ಊರಿನವರ ಜಗಳ, ಸರಸ, ಸಾವಿನ ಸುದ್ದಿಗಳನ್ನೆಲ್ಲ ತಂತಿಯಲ್ಲಿ ಕೇಳಿಯೂ ಒಂದನ್ನೂ ಮನೆಗೆ ತಾರದಿದ್ದ ಹೆಂಗಸು, ಸೊಸೆಯ ಬಾಯಿಂದ ಆ ಪದವನ್ನು ರಾತ್ರಿಯೆಲ್ಲ ಕೇಳಿಸಿಕೊಂಡು, ಕತ್ತಲಲ್ಲಿ ಒಂದೊಂದಕ್ಕೂ ಗುಂಡಿ ಒತ್ತಿ ಕೂತಿದ್ದಳು. ಕಣ್ಣೇಕೆ ಕೆಂಪೆಂದು ಕೇಳಿದ ಮಗನಿಗೆ ಅವಳು ಸೊಳ್ಳೆ ಎಂದಿದ್ದಳು. ಅದನ್ನು ನಾನು ಯಾರಿಗೂ ಹೇಳುವುದಿಲ್ಲ ಎಂದುಕೊಂಡೆ, ನನ್ನವರಿಗೂ, ಕರಡಣ್ಣನಿಗೂ.

"ಹಾಗೇ ಹೊಳೀತು ಮೇಡಂ" ಎಂದು ಕೌಂಟರನ್ನು ಸೊನ್ನೆಗೆ ತಿರುಗಿಸಿ ಎದ್ದೆ.