ತಿರುವಿನಲ್ಲಿ ನಿಂತವರು

ನನ್ನ ಯಜಮಾನರು ಬಟ್ಟೆ ವ್ಯಾಪಾರಿ. ಆದರೆ ಅಂಗಡಿಯಲ್ಲಿ ಕೂತದ್ದಕ್ಕಿಂತ ಬೀದಿಯಲ್ಲಿ ನಿಂತದ್ದೇ ಹೆಚ್ಚು. ದೀಪ ಉರಿಯದ ಕಂಬ, ಮುಚ್ಚಳ ಕಳೆದುಕೊಂಡ ಚರಂಡಿ, ನೀರು ಬಾರದ ನಲ್ಲಿ, ಎಲ್ಲವೂ ಅವರ ಕಣ್ಣಿಗೇ ಬೀಳುತ್ತಿದ್ದವು. ಗಿರಾಕಿಗೆ ಅಂಗಿ ತೋರಿಸುತ್ತಲೇ ನಗರಸಭೆಯ ಅರ್ಜಿಗೆ ಸಹಿ ಹಾಕಿಸಿಕೊಳ್ಳುತ್ತಿದ್ದರು.

"ಅಣ್ಣ, ಊರ ಉಸಾಬರಿ ನಮಗ್ಯಾಕೆ? ಅಂಗಿ ಮಾರೋಣ," ಎನ್ನುತ್ತಿದ್ದ ನನ್ನ ಮೈದುನ.

"ಅಂಗಿ ಹಾಕ್ಕೊಳ್ಳೋಕೆ ಜನ ಉಳೀಬೇಕಲ್ಲೋ!"

ಅಂಗಡಿಯ ಮುಂದೆ ರಸ್ತೆ ಇಳಿಜಾರಾಗಿ ತಿರುಗುತ್ತದೆ. ಎದುರಿಗೆ ಶಾಲೆ. ಲಾರಿಗಳು ಮೈಮೇಲೆ ಬಂದಂತೆ ಇಳಿಯುತ್ತಿದ್ದವು. ಅಲ್ಲೊಂದು ರಸ್ತೆಯುಬ್ಬು ಹಾಕಿಸಿ ಎಂದು ಇವರು ನಗರಸಭೆಯ ಮೆಟ್ಟಿಲು ಸವೆಸಿದರು. "ನೋಡೋಣ" ಎಂಬ ಮಾತಿನಾಚೆ ಏನೂ ಹುಟ್ಟಲಿಲ್ಲ. ಒಂದು ಬೆಳಗ್ಗೆ, ಅಂಗಡಿಯ ಗಾಜಿನ ಹಿಂದೆ ಬಟ್ಟೆ ತೊಟ್ಟು ನಿಂತಿದ್ದ ಆಳೆತ್ತರದ ನಾಲ್ಕು ಗೊಂಬೆಗಳನ್ನು ಹೊತ್ತು ತಂದು, ಇನ್ನೇನು ದಾಟುವವರಂತೆ ರಸ್ತೆಯಂಚಿನಲ್ಲಿ ನಿಲ್ಲಿಸಿದರು. ಲಾರಿಗಳು ನಿಧಾನವಾದವು.

ದಪ್ಪನೆಯ ಗೊಂಬೆಗೆ ಬೀಗರು ಎಂದು ಹೆಸರಿಟ್ಟರು. "ಬಂದು ನಿಂತ್ರೆ ಹೊರಡೋ ಮಾತೇ ಇಲ್ಲ ನೋಡು," ಎಂದು ನಕ್ಕರು. ದಿನವೂ ನಾಲ್ಕಕ್ಕೂ ಬಟ್ಟೆ ಬದಲಿಸುವರು. ಗುಂಡಿ ಹಾಕುವುದು ನನ್ನ ಪಾಲು.

"ಇವತ್ತೊಂದು ದಿನ ಬಿಡಿ ರೀ," ಎಂದರೆ ಕೇಳುತ್ತಿರಲಿಲ್ಲ.

"ಡ್ರೈವರ್ ಕಣ್ಣು ಚುರುಕು ಕಣೆ. ಎರಡು ದಿನ ಒಂದೇ ಬಟ್ಟೇಲಿ ಕಂಡ್ರೆ, ಗೊಂಬೆ ಅಂತ ಗೊತ್ತಾಗ್ಬಿಡುತ್ತೆ."

ದೇವರು ಅವರನ್ನು ಕರೆಸಿಕೊಂಡ. ಅವನಿಗೆ ಎದುರಾಡುವವಳು ನಾನಲ್ಲ. ಆದರೂ ಪ್ರಾರ್ಥನೆಗೆ ಕೂತರೆ ತುಟಿ ಮಾತ್ರ ಆಡುತ್ತಿತ್ತು. ಅವರ ಬಟ್ಟೆಗಳನ್ನೆಲ್ಲ ಇಲ್ಲದವರಿಗೆ ಕೊಟ್ಟು, ಕಂದು ಕೋಟೊಂದನ್ನು ಉಳಿಸಿಕೊಂಡೆ. ಅದರ ಕೊರಳಪಟ್ಟಿಯಲ್ಲಿ ಅವರ ಮೈವಾಸನೆ ಇತ್ತು. ಅದನ್ನು ಮಡಿಲಲ್ಲಿಟ್ಟುಕೊಂಡು ಅಂಗಡಿ ಮೇಲಿನ ನಮ್ಮ ಮನೆಯ ಕಿಟಕಿಯ ಬಳಿ ಕೂತಿರುತ್ತಿದ್ದೆ. ಕೆಳಗೆ ನಾಲ್ವರೂ ಅವರು ಉಡಿಸಿದ ಬಟ್ಟೆಯಲ್ಲೇ ನಿಂತಿದ್ದರು. ಬಿಸಿಲಿಗೆ ನಾಲ್ವರ ಬಣ್ಣವೂ ಒಂದೇ ಆಗಿತ್ತು. ಮಂಜು ಕವಿದಾಗ ಕಾಲುಗಳು ಕಾಣದೆ ತೇಲುವವರಂತಿದ್ದರು. ಲಾರಿಗಳ ಸದ್ದು ಮೊದಲಿನಂತೆ ತಿರುವಿನಲ್ಲಿ ತಗ್ಗುತ್ತಿಲ್ಲ ಎಂಬುದು ನನಗೆ ಕೇಳಿಸುತ್ತಿತ್ತು; ಕೇಳಿಸಿದ್ದು ಕನಸಿನಲ್ಲೋ ಏನೋ ಎಂದು ಸುಮ್ಮನಿದ್ದೆ.

ಒಂದು ದಿನ ಲಾರಿಯೊಂದು ಮಗುವಿನ ಬೆನ್ನಿನ ಚೀಲವನ್ನು ಸವರಿಕೊಂಡೇ ಹೋಯಿತು. ದೇವರ ದಯೆ, ಮಗು ಉಳಿಯಿತು. ಪುಸ್ತಕಗಳು ರಸ್ತೆಯ ತುಂಬ ಬಿದ್ದವು. ನಾನು ಅಂಗಡಿಗೆ ಇಳಿದು ಮೈದುನನ ಬಳಿ ಗೊಂಬೆಗಳಿಗೆ ಬಟ್ಟೆ ಕೇಳಿದೆ.

"ಹೊಸ ಮಾಲು ಬಿಸಿಲಿಗೆ ಹಿಡಿದ್ರೆ ಯಾರು ಕೊಳ್ತಾರೆ ಅತ್ತಿಗೆ? ಆ ಗೊಂಬೆಗಳನ್ನ ಒಳಗೆ ತಂದ್ಬಿಡ್ತೀನಿ."

"ಮುಟ್ಟಿ ನೋಡು!"

"ಅಯ್ಯೋ, ಅಣ್ಣನ ಗಾಳಿ ನಿಮಗೂ ಬಡೀತಾ?"

ಮರುದಿನ ಬೆಳಗ್ಗೆ ನನ್ನ ಬಟ್ಟೆಗಳನ್ನೇ ಹೊತ್ತು ಮಂಜಿನಲ್ಲಿ ಹೋದೆ. ಮೂವರಿಗೆ ಸಾಲಿದವು, ತೊಡಿಸಿದೆ. ಬೀಗರ ಅಗಲ ಬೆನ್ನಿಗೆ ಯಾವುದೂ ಸಾಲಲಿಲ್ಲ. ಕೋಟು ನನ್ನ ಹೆಗಲ ಮೇಲಿತ್ತು. ಇಬ್ಬನಿ, ಧೂಳು, ಹೊಗೆ ತಾಕಿದರೆ ಆ ವಾಸನೆ ಒಂದು ಹೊತ್ತೂ ಉಳಿಯದು. ಇದೊಂದನ್ನಾದರೂ ಬಿಡಪ್ಪಾ ಎಂದು ದೇವರನ್ನು ಕೇಳಿದೆ. ಬಹಳ ದಿನದ ಮೇಲೆ ಮನಸ್ಸಿಟ್ಟು ಮಾಡಿದ ಪ್ರಾರ್ಥನೆ ಅದು. ಅಷ್ಟರಲ್ಲಿ ಬೀದಿಯ ಕೊನೆಯಿಂದ ಮಕ್ಕಳ ಗಲಾಟೆ ಕೇಳಿಸಿತು.

ಕೊರಳಪಟ್ಟಿಗೆ ಒಮ್ಮೆ ಮುಖವಿಟ್ಟೆ. ಬೀಗರ ತೋಳುಗಳನ್ನು ಒಂದೊಂದಾಗಿ ಕೋಟಿನೊಳಗೆ ತೂರಿಸಿ ಗುಂಡಿ ಹಾಕಿದೆ.

ಲಾರಿ ಬಂತು. ಮೇಲಿನಿಂದ ಭರ್ರೆಂದು ಬಂದದ್ದು ತಿರುವಿನಲ್ಲಿ ಉಸಿರು ಕಟ್ಟಿದಂತೆ ತಗ್ಗಿ, ನಿಂತೇಬಿಟ್ಟಿತು. ಡ್ರೈವರ್ ಕಿಟಕಿಯಿಂದ ತಲೆ ಹಾಕಿದ.

"ಏನ್ ಯಜಮಾನ್ರೇ, ದಾಟ್ತೀರೋ ಇಲ್ವೋ? ಬೇರು ಬಿಟ್ಕೊಂಡು ನಿಂತಿದೀರಲ್ಲ!"

ಮಕ್ಕಳು ನಗುತ್ತಾ ನಮ್ಮ ಪಕ್ಕದಿಂದ ಹರಿದು ರಸ್ತೆ ದಾಟಿದರು. ಕೊನೆಯ ಮಗುವೂ ಶಾಲೆಯ ಗೇಟಿನಲ್ಲಿ ಮರೆಯಾಯಿತು. ಆದರೂ ಡ್ರೈವರ್ ಹೊರಡಲಿಲ್ಲ. ಕೋಟಿನ ಕಡೆಗೇ ನೋಡುತ್ತಾ, ದೊಡ್ಡವರು ಮೊದಲು ಹೋಗಲಿ ಎನ್ನುವಂತೆ ಕೈ ತೋರಿಸಿದ.

ಅದು ಗೊಂಬೆಯಪ್ಪಾ ಎಂದು ನಾನು ಹೇಳಬಹುದಿತ್ತು. ಮಂಜಿನಲ್ಲಿ ಆ ಕಂದು ಬೆನ್ನನ್ನು ನೋಡುತ್ತಾ, ಅವನಂತೆ ನಾನೂ, ಅವರು ಹೆಜ್ಜೆ ಎತ್ತುವುದನ್ನೇ ಕಾಯುತ್ತಿದ್ದೆ.